ರೋಮನ್ನರ ಮೈಲಿ ಸಾವಿರ ಹೆಜ್ಜೆ ಅಲ್ಲ ಸಾರ್

ಸಂಪಾದಕರಿಗೆ ನಮಸ್ಕಾರ,

ಭಾನುವಾರದ ಪುರವಣೀಲಿ ರೋಮನ್ನರ ಅಳತೆ ಬಗ್ಗೆ ಬಂದಿದ್ದ ಲೇಖನ ಓದ್ದೆ, ಚೆನ್ನಾಗಿತ್ತು, ಆದ್ರೆ ಒಂದು ಮೈಲಿ ಅಂದ್ರೆ ಸಾವಿರ ಹೆಜ್ಜೆ ಅಂತ ಬರ್ದಿದೀರಲ್ಲ, ಅದು ಸರಿಯಿಲ್ಲ. ಅವರ 'ಪಾಸ್ಸುಸ್' ಅಂದ್ರೆ ಜೋಡಿ ಹೆಜ್ಜೆ, ಎಡಗಾಲು ಎತ್ತಿದ ಜಾಗದಿಂದ ಮತ್ತೆ ಅದೇ ಎಡಗಾಲು ಊರೋ ತನಕ, 5 ರೋಮನ್ ಅಡಿ. ಅಂಥ ಸಾವಿರ ಸೇರಿದ್ರೆ ಮೈಲಿ, ಸುಮಾರು 1480 ಮೀಟರ್. ಒಂಟಿ ಹೆಜ್ಜೆ ಲೆಕ್ಕ ಹಿಡಿದ್ರೆ ದೂರ ಅರ್ಧಕ್ಕೇ ಇಳಿಯತ್ತೆ!

ತೂಕದ ವಿಷ್ಯ ನೀವು ಎರಡೇ ಸಾಲಲ್ಲಿ ಮುಗಿಸಿಬಿಟ್ರಿ. ಲಿಬ್ರಾ ಸುಮಾರು 327 ಗ್ರಾಂ, ಅದ್ರ 12ನೇ ಒಂದು ಭಾಗ ಉನ್ಸಿಯಾ, ಅಡೀಲೂ 12ನೇ ಭಾಗಕ್ಕೆ ಅದೇ ಹೆಸ್ರು, ಹಂಗಾಗಿ ಇಂಚು ಮತ್ತೆ ಔನ್ಸ್ ಎರಡೂ ಒಂದೇ ಪದದಿಂದ ಹುಟ್ಟಿದ ಅಣ್ಣತಮ್ಮಂದಿರು.

ನಂಗೆ ತುಂಬಾ ಇಷ್ಟ ಆಗೋದು ದಿನೇರಿಯಸ್. ಶುರೂಲಿ ಈ ಬೆಳ್ಳಿ ನಾಣ್ಯಕ್ಕೆ 10 ಆಸ್ (ಅವರ ಕಂಚಿನ ನಾಣ್ಯ) ಬೆಲೆ ಇತ್ತು, ಹಂಗಾಗಿ ಅದ್ರ ಮೇಲೆ ರೋಮಾದೇವಿ ತಲೆ ಹಿಂದೆ ಹತ್ತರ ಗುರುತು, ಎರಡು ಗೆರೆ ಅಡ್ಡ ಹಾಯ್ದಂಗೆ. ಕ್ರಿ.ಪೂ. 2ನೇ ಶತಮಾನದಲ್ಲಿ ಬೆಲೆ 16 ಆಸ್ ಆಯ್ತು, ಸ್ವಲ್ಪ ದಿನ ನಾಣ್ಯದ ಮೇಲೂ 16 ಅಂತಾನೇ ಒತ್ತಿದ್ರು, ಆದ್ರೂ 'ಹತ್ತರದು' ಅನ್ನೋ ಅರ್ಥದ ಹೆಸ್ರು ಮಾತ್ರ ಬದಲಾಗ್ಲೇ ಇಲ್ಲ. ಆಮೇಲೆ ನೀರೋ ಚಕ್ರವರ್ತಿ ಕಾಲದಲ್ಲಿ, ಕ್ರಿ.ಶ. 64ರ ಹೊತ್ತಿಗೆ, ಒಂದು ಲಿಬ್ರಾ ಬೆಳ್ಳೀಲಿ 84 ನಾಣ್ಯ ಮಾಡ್ತಿದ್ದೋರು 96 ಮಾಡೋಕೆ ಶುರು ಮಾಡಿದ್ರು, ಬೆಲೆ ಮಾತ್ರ ಅಷ್ಟೇ. ಜಾಣತನ ಅನ್ನಿ, ಕಳ್ಳತನ ಅನ್ನಿ!

ಮೈಲಿ ತಪ್ಪನ್ನ ಮುಂದಿನ ವಾರ ಸರಿ ಮಾಡಿ ಹಾಕಿ ಸಾರ್.

ಇಂತಿ,
ನಿಮ್ಮ ಹಳೇ ಓದುಗ