ನಿನ್ನ ಕೈ ಅಳತೆಗೇ ಬಳೆ ಮಾಡು

ಪ್ರೀತಿಯ ಗೆಳತಿ,

ತಂಗಿ ಮದುವೆಗೆ ಬಳೆ ತರಲು ಹೋಗಿ ಬರಿಗೈಲಿ ವಾಪಸ್ ಬಂದೆ ಅಂದೆಯಲ್ಲ, ಕೇಳಿ ಸಿಟ್ಟೇ ಬಂತು. ನಿನ್ನ ಮೇಲಲ್ಲ. "ನಿಮ್ಮ ಕೈಗೆ ಸಿಗಲ್ಲ ಬಿಡಿ" ಅಂದ ಅಂಗಡಿಯವನ ಮೇಲೆ, ಅದಕ್ಕಿಂತ ಜಾಸ್ತಿ, ಪಕ್ಕದಲ್ಲೇ ನಿಂತು "ಸಿಕ್ಕರೂ ಕೆಂಪು ಬೇಡ, ನಿನ್ನ ಬಣ್ಣಕ್ಕೆ ಒಪ್ಪಲ್ಲ" ಅಂದ ನಿನ್ನ ಸೋದರತ್ತೆ ಮೇಲೆ.

ಬಳೆ ಅಳತೆ ಅಂದರೆ ಏನು ಹೇಳು? 2.4 ಅಂದರೆ ಬಳೆಯ ಒಳಗಿನ ಅಡ್ಡಳತೆ 2 ಇಂಚು, ಅದರ ಮೇಲೆ ಇಂಚಿನ ಹದಿನಾರನೇ ಪಾಲುಗಳು 4. ಅಂದರೆ ಎರಡೂಕಾಲು ಇಂಚು. ನಿನ್ನದು 2.10. ಎರಡಕ್ಕೂ ಅರ್ಧ ಇಂಚಿನ ವ್ಯತ್ಯಾಸವೂ ಇಲ್ಲ ಕಣೇ! ಇಷ್ಟಕ್ಕೆ ನೀನು ಫೋಟೋದಲ್ಲೆಲ್ಲ ಕೈ ಸೆರಗಿನೊಳಗೆ ಇಟ್ಟುಕೊಳ್ಳಬೇಕಾ? ಅಂಗಡಿಯಲ್ಲಿ ಸೋಪು ಹಚ್ಚಿ ಗೆಣ್ಣು ಹಿಂಡಿ ಕೈಯನ್ನು ಬಳೆಗೆ ಹೊಂದಿಸುತ್ತಾರೆ. ನಾವೇ ಮಾಡಿಕೊಂಡರೆ ಮೊದಲು ಅಳೆಯುವುದೇ ಕೈಯನ್ನು. ನನಗೆ ಈ ಕೆಲಸ ಇಷ್ಟವಾಗುವುದು ಇದಕ್ಕೇ.

ಸಾದಾ ಬಳೆಗೆ ಬಟ್ಟೆ ಸುತ್ತಿ ಮಾಡುವುದು, ಹೀಗೆ. ಹೆಬ್ಬೆರಳನ್ನು ಕಿರುಬೆರಳಿಗೆ ತಾಗಿಸಿ, ಗೆಣ್ಣಿನ ಹತ್ತಿರ ಕೈ ಎಲ್ಲಿ ತುಂಬಾ ಅಗಲ ಇದೆಯೋ ಅಲ್ಲಿ ದಾರ ಸುತ್ತಿ ನೋಡು. ಎಂಟೂಕಾಲು ಇಂಚು ಬಂದರೆ 2.10 ಸರಿ. ಆದರೆ ಸಾದಾ ಬಳೆ 2.12ರದ್ದು ತಗೋ, ಬಟ್ಟೆ ಸುತ್ತಿದ ಮೇಲೆ ಒಳಗೆ ಬಿಗಿಯಾಗುತ್ತದೆ. ಅಮ್ಮನ ಹಳೇ ಗುಳೇದಗುಡ್ಡದ ಖಣದ ಕುಪ್ಪಸ ಇದೆಯಲ್ಲ, ಕಂಕುಳಲ್ಲಿ ಹರಿದದ್ದು? ಅದರ ಬೆನ್ನಿನ ಭಾಗ ಇನ್ನೂ ಗಟ್ಟಿ ಇರುತ್ತದೆ. ಟೈಲರ್‌ಗಳು ಕ್ರಾಸ್ ಪೀಸ್ ಅಂತಾರಲ್ಲ, ಹಾಗೆ ಓರೆಯಾಗಿ ಅರ್ಧ ಇಂಚಿನ ಪಟ್ಟಿ ಕತ್ತರಿಸು. ನೇರ ಕತ್ತರಿಸಿದರೆ ಬಳೆಯ ದುಂಡಿಗೆ ಬಟ್ಟೆ ಬಾಗುವುದಿಲ್ಲ, ನೆರಿಗೆ ಬೀಳುತ್ತದೆ. ಫ್ಯಾಬ್ರಿಕ್ ಗಮ್ ತೆಳ್ಳಗೆ ಸವರಿ, ಪ್ರತಿ ಸುತ್ತೂ ಹಿಂದಿನದರ ಅರ್ಧ ಮುಚ್ಚುವ ಹಾಗೆ ಎಳೆದು ಸುತ್ತು, ಕೊನೆಯ ತುದಿ ಒಳಮೈಗೆ ಬರಲಿ. ಒಣಗುವ ತನಕ ಒಂದು ಬಟ್ಟೆ ಕ್ಲಿಪ್ಪು ಹಾಕಿಡು.

ಕೆಂಪು ಖಣವನ್ನೇ ತಗೋ, ಬೇಕಂತಲೇ ಹೇಳುತ್ತಿದ್ದೇನೆ. ಫೇರ್ ಅಂಡ್ ಲವ್ಲಿ 2020ರಲ್ಲಿ ಹೆಸರು ಬದಲಾಯಿಸಿಕೊಂಡು ಗ್ಲೋ ಅಂಡ್ ಲವ್ಲಿ ಆಯಿತು, ನಮ್ಮ ಮನೆಗಳ ಮಾತು ಮಾತ್ರ ಹಾಗೇ ಇದೆ. ಸಂಡೂರಿನ ಕಡೆಯ ಲಂಬಾಣಿ ಹೆಂಗಸರನ್ನು ನೋಡು, ಬಿಸಿಲಲ್ಲಿ ದುಡಿದ ಮೈಗೆ ಕಡುಗೆಂಪು ಲಂಗ, ಅದಕ್ಕೆ ಕನ್ನಡಿ, ಕವಡೆ, ತೋಳಿನ ತನಕ ಬಳೆ. ಅವರು ಕೈಯಾರೆ ಹೊಲಿದುಕೊಳ್ಳುವ ಆ ಕಸೂತಿಗೆ ಈಗ ಆ ಊರಿನದ್ದೇ ಅಂತ ಗುರುತಿಸುವ ಭೌಗೋಳಿಕ ಸೂಚಕವೂ (ಜಿಐ ಟ್ಯಾಗ್) ಸಿಕ್ಕಿದೆ. ಕೆಂಪು ಯಾರಿಗೆ ಒಪ್ಪುತ್ತದೆ ಅಂತ ಗೊತ್ತಾಗಬೇಕಾದರೆ ಅವರನ್ನು ನೋಡಬೇಕು.

ಬೇಸರ ಒಂದೇ ಸಲಕ್ಕೆ ಹೋಗುತ್ತದೆ ಅಂತ ನಾನು ಹೇಳಲ್ಲ. ಅತ್ತೆ ಮದುವೆಗೂ ಬರುತ್ತಾರೆ, ಏನಾದರೂ ಅಂದೇ ಅನ್ನುತ್ತಾರೆ. "ನಾನೇ ಮಾಡಿದ್ದು" ಅಂತ ಕೈ ಮುಂದೆ ಚಾಚು, ಸಾಕು.

ಮರದ ಬಳೆಯೂ ಬೇಕಾದರೆ ಚನ್ನಪಟ್ಟಣದಲ್ಲಿ ಮಾಡಿಸೋಣ. ಅಲ್ಲಿ ಆಲೆ ಮರದ ತುಂಡನ್ನು ತಿರುಗಣಿಗೆ ಹಾಕಿ, ತಿರುಗುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ, ಉಜ್ಜಿದ ಬಿಸಿಗೇ ಅರಗು ಕರಗಿ ಮೆತ್ತಿಕೊಳ್ಳುತ್ತದೆ. ಹೇಳಿದ ಅಳತೆಗೆ ಕಡೆದು ಕೊಡುವವರಿದ್ದಾರೆ. ಮುಂದಿನ ವಾರ ಆ ಕಡೆ ಹೋಗುತ್ತಿದ್ದೇನೆ, ಅಷ್ಟರಲ್ಲಿ ದಾರದ ಅಳತೆ ಕಳಿಸು, ಯಾವ ಬಣ್ಣ ಅಂತಲೂ ಬರಿ.

ನಿನ್ನ ಗೆಳತಿ