ಗೇಮ್ ಸರ್ವರ್ ಸ್ಥಗಿತ ಹಾಗೂ ನಿಮ್ಮವರೇ ಕೊಟ್ಟ ‘ರೂಟ್’ ಸಲಹೆಯ ಕುರಿತು ದೂರು

ಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ

ಮಾನ್ಯರೇ,

ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಸಣ್ಣ ಗೇಮಿಂಗ್ ಸೆಂಟರ್ ಇದೆ. ಮೈನ್‌ಕ್ರಾಫ್ಟ್ ಆಡುವ ಹುಡುಗರಿಗಾಗಿ ನಿಮ್ಮಿಂದ ನಾಲ್ಕು ಕೋರ್‌ಗಳ ಲಿನಕ್ಸ್ ವರ್ಚುವಲ್ ಸರ್ವರ್ ಬಾಡಿಗೆಗೆ ಪಡೆದು ಒಂಬತ್ತು ತಿಂಗಳಾಯಿತು. ಆರು ಸಲ ಫೋನ್ ಮಾಡಿದ್ದೇನೆ, ಆರೂ ಸಲ ಮರ್ಯಾದೆಯಿಂದಲೇ ಮಾತನಾಡಿದ್ದೇನೆ.

ಈ ಆಟದ ಸರ್ವರ್ ಸೆಕೆಂಡಿಗೆ 20 ಟಿಕ್ (ಆಟವನ್ನು ಒಂದು ಹೆಜ್ಜೆ ಮುಂದಕ್ಕೆ ಒಯ್ಯುವ ಲೆಕ್ಕ) ಮುಗಿಸಬೇಕು; ಒಂದಕ್ಕೆ 50 ಮಿಲಿಸೆಕೆಂಡ್. ಸಂಜೆ ಏಳಾಯಿತೆಂದರೆ ಅದು 11ಕ್ಕೆ ಕುಸಿಯುತ್ತದೆ. ಹುಡುಗರು ಒಡೆದ ಕಲ್ಲು ಮತ್ತೆ ಬಂದು ಕೂರುತ್ತದೆ. ಆಗ ಸರ್ವರ್‌ನ ಕೆಲಸದ ಹೊರೆ ತೋರಿಸುವ ‘ಟಾಪ್’ ತೆರೆದು ನೋಡಿದರೆ ‘ಎಸ್‌ಟಿ’ (ಸ್ಟೀಲ್, ಅಂದರೆ ಕದ್ದ ಸಮಯ) ಎದುರು ಶೇಕಡಾ 38 ಎಂದಿರುತ್ತದೆ. ನನ್ನ ಸರ್ವರ್ ಸಿಪಿಯುಗಾಗಿ ಕಾಯುತ್ತಿದ್ದಾಗ ನಿಮ್ಮ ಯಂತ್ರ ಅದನ್ನು ಬೇರೆಯವರಿಗೆ ಹಂಚಿದ ಲೆಕ್ಕವದು. ಕೋರ್‌ಗಳು ಗ್ರಾಹಕನಿಗೇ ಮೀಸಲು ಎನ್ನುವ ನಿಮ್ಮ 7ನೇ ಷರತ್ತನ್ನು ನಿಮಗೆ ನಾನು ಓದಿ ಹೇಳಬೇಕಾಗಿಲ್ಲ.

ಕಳೆದ ಭಾನುವಾರದ ಕರೆಗೆ ಬರುತ್ತೇನೆ. ಸ್ಪೀಕರ್ ಆನ್ ಇತ್ತು, ಸುತ್ತ ಒಂಬತ್ತು ಹುಡುಗರು ನಿಂತಿದ್ದರು. ನಿಮ್ಮ ಪ್ರತಿನಿಧಿ ಕೇಳಿದ:

“ನೈಸ್ ಎಷ್ಟಿದೆ ಸರ್?”
“ಸೊನ್ನೆ.”
“ಅದಕ್ಕೇ ನಿಧಾನ. 20 ಮಾಡಿ.”

ನೈಸ್ ಸಂಖ್ಯೆ ಮೈನಸ್ 20ರಿಂದ 19ರವರೆಗೆ ಮಾತ್ರ ಇರುತ್ತದೆ, ಏರಿದಷ್ಟೂ ಪ್ರೊಗ್ರಾಂ ಸಿಪಿಯು ಸರದಿಯಲ್ಲಿ ಹಿಂದೆ ಸರಿಯುತ್ತದೆ ಎಂದೆ. ಆತ ನಕ್ಕು, “ನೈಸ್ ಎಂದರೆ ಒಳ್ಳೆಯದು ಎಂದಲ್ಲವೇ ಸರ್? ನೀವು ಕಂಪ್ಯೂಟರ್ ಕಲಿತಿದ್ದೀರಾ?” ಎಂದ. ಹಿಂದಿನ ಬೆಂಚಿನ ಹುಡುಗನೊಬ್ಬ ಕಿಸಕ್ಕೆಂದ. ಆಮೇಲೆ, “ಬಾಗಲಕೋಟೆ ಯಾವ ರಾಜ್ಯದಲ್ಲಿ ಬರುತ್ತದೆ? ಅಲ್ಲಿ ನೆಟ್ ಸರಿ ಇದೆಯೇ?” ಎಂಬ ಪ್ರಶ್ನೆ. ಹೇಳಿದೆ. ಹಾಗಾದರೆ ಮೈನಸ್ 20 ಕೊಡಿ ಎಂದ. ಸಾಮಾನ್ಯ ಬಳಕೆದಾರನಿಗೆ ಸೊನ್ನೆಗಿಂತ ಕೆಳಗಿಳಿಯಲು ಅನುಮತಿ ಇರುವುದಿಲ್ಲ ಎಂದರೆ, “ಆಟವನ್ನೇ ರೂಟ್ ಹೆಸರಿನಲ್ಲಿ ಓಡಿಸಿ, ಇಲ್ಲದಿದ್ದರೆ ದೂರನ್ನು ಮುಕ್ತಾಯ ಮಾಡುತ್ತೇನೆ” ಎಂದ. ರೂಟ್ ಎಂದರೆ ಇಡೀ ಯಂತ್ರದ ಮೇಲೆ ಪೂರ್ಣ ಅಧಿಕಾರವಿರುವ ಖಾತೆ.

ಆಟ ಸಾಮಾನ್ಯ ಬಳಕೆದಾರನ ಹೆಸರಿನಲ್ಲೇ ಓಡುತ್ತಿರಲಿ, ರೂಟ್ ಹೊರಗಿನಿಂದ ‘ರೀನೈಸ್’ ಮಾಡಿದರೆ, ಅಂದರೆ ನೈಸ್ ಸಂಖ್ಯೆ ಬದಲಿಸಿದರೆ ಸಾಕಲ್ಲವೇ? ಅದನ್ನು ನಾನು ಎರಡು ತಿಂಗಳ ಹಿಂದೆಯೇ ಮಾಡಿ ನೋಡಿ, ಫಲ ಸಿಗದೆ ಸೊನ್ನೆಗೇ ಮರಳಿಸಿದ್ದೆ. 2021ರ ಡಿಸೆಂಬರ್‌ನಲ್ಲಿ ಲಾಗ್‌ಫೋರ್‌ಜೆ ಎಂಬ ಲಾಗ್ ಬರೆಯುವ ತಂತ್ರಾಂಶದ ದೋಷ ಬಯಲಾದಾಗ ಚಾಟ್‌ನಲ್ಲಿ ಒಂದು ಸಾಲು ಟೈಪ್ ಮಾಡಿ ಮೈನ್‌ಕ್ರಾಫ್ಟ್ ಸರ್ವರ್ ಒಳಗೆ ನುಗ್ಗಬಹುದಾಗಿತ್ತು. ಅಂಥದ್ದು ರೂಟ್ ಆಗಿ ಓಡುತ್ತಿದ್ದರೆ ಆಟದ ಜೊತೆಗೆ ಇಡೀ ಯಂತ್ರವೇ ಕೈಬಿಟ್ಟಂತೆ.

ನಮ್ಮ ಹೊಲ ಘಟಪ್ರಭಾ ಎಡದಂಡೆ ಕಾಲುವೆಯ ತುದಿಯಲ್ಲಿದೆ. ಯಾವ ಮಡಿಗೆ ಮೊದಲು ನೀರು ಬಿಡಬೇಕೆಂದು ನಮ್ಮ ತಂದೆ ಎಷ್ಟೇ ಜಾಣತನದಿಂದ ಗೆರೆ ಎಳೆದರೂ, ಮೇಲಿನವರು ತೂಬು ತೆಗೆದುಕೊಂಡು ಕುಳಿತರೆ ನಮಗೆ ಬರುವುದು ಕೆಸರು. ನೈಸ್ ನನ್ನ ಮಡಿಯೊಳಗಿನ ಲೆಕ್ಕ. ತೂಬು ನಿಮ್ಮ ಕೈಯಲ್ಲಿದೆ. ತಂದೆಯವರು ಕಂಪ್ಯೂಟರ್ ಕಲಿತವರಲ್ಲ, ಇದು ಅವರಿಗೆ ಒಂದೇ ಮಾತಿಗೆ ಅರ್ಥವಾಯಿತು.

ಆದರೂ ನಿಮ್ಮ ಪ್ರತಿನಿಧಿಯ ಮಾತಿಗೆ ಕಟ್ಟುಬಿದ್ದು ಹತ್ತು ನಿಮಿಷ ರೂಟ್ ಆಗಿ ಓಡಿಸಿದೆ. ತಪ್ಪು ನನ್ನದೇ. ‘ಎಸ್‌ಟಿ’ 38 ಇದ್ದದ್ದು 41 ಆಯಿತು. ಮರುದಿನ ಬೆಳಿಗ್ಗೆ ನಿಮ್ಮ ಇಮೇಲ್: ರೂಟ್ ಹೆಸರಿನಲ್ಲಿ ಗೇಮ್ ಸರ್ವರ್ ಓಡಿಸಿ 11ನೇ ಷರತ್ತನ್ನು ಉಲ್ಲಂಘಿಸಿದ್ದರಿಂದ ಖಾತೆ ಸ್ಥಗಿತ! ಒಂದು ಕೈ ಬೆಂಕಿ ಹಚ್ಚಿ, ಇನ್ನೊಂದು ಕೈ ದಂಡದ ರಸೀದಿ ಹರಿಯುವ ನಿಮ್ಮ ಕಾರ್ಯದಕ್ಷತೆಗೆ ಅಭಿನಂದನೆಗಳು.

ಖಾತೆಯನ್ನು ತೆರೆಯುತ್ತೀರೋ, ಹಣ ಮರಳಿಸುತ್ತೀರೋ, ನಿಮ್ಮ ಇಷ್ಟ. ಹದಿನೈದು ದಿನ ಕಾಯುತ್ತೇನೆ. ಕರೆಯ ಧ್ವನಿಮುದ್ರಣ ನನ್ನಲ್ಲಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಕಲಂ ಪ್ರಕಾರ ಗ್ರಾಹಕ ತಾನು ವಾಸವಿರುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು. ನೋಟಿಸ್ ಬಂದ ದಿನ ಬಾಗಲಕೋಟೆ ಯಾವ ರಾಜ್ಯದಲ್ಲಿದೆ ಎಂದು ನಿಮ್ಮ ಪ್ರತಿನಿಧಿ ಟಿಕೆಟ್ ತೆಗೆಸುವಾಗ ತಿಳಿದುಕೊಳ್ಳಲಿ.

ಇಂತಿ,
ನಿಮ್ಮ (ಸದ್ಯಕ್ಕೆ) ಗ್ರಾಹಕ
ನವನಗರ, ಬಾಗಲಕೋಟೆ