ಲೈನ್ ಅಂದ್ರೆ ಎಂತ ಮಾರಾಯ್ತಿ

ಮಾರಾಯ್ತಿ,

ನಿನ್ನ ಅನುವಾದ, ಸ್ವಂತ ಕತೆ ಎರಡೂ ಓದಿದೆ. ಓಟ ಚಂದ ಉಂಟು, ಆದ್ರೆ ಒಂದು ಕಿರಿಕಿರಿ ಮೊದ್ಲು ಹೇಳಿ ಬಿಡ್ತೇನೆ, ಇಲ್ಲದಿದ್ರೆ ಮಂಡೆಯಲ್ಲೇ ಕೂತಿರ್ತದೆ. ಇಂಗ್ಲಿಷಲ್ಲಿ ಲೈನ್ ಅಂತ ಕಂಡಲ್ಲೆಲ್ಲ ನೀನು ಗೆರೆ ಇಲ್ಲ ಸಾಲು ಹಾಕ್ತಾ ಹೋಗಿದ್ದಿ. "ನಿಮ್ಮ ಕೆಲಸದ ಸಾಲು ಯಾವುದು" ಅಂತ ಒಬ್ಬ ಕೇಳ್ತಾನೆ, ಉಡುಪಿ ಬಸ್‌ಸ್ಟ್ಯಾಂಡಲ್ಲಿ ಯಾರಾದ್ರೂ ಹಾಗೆ ಕೇಳಿದ್ದು ಉಂಟಾ? "ಈಗ ಎಂತ ಮಾಡ್ಕೊಂಡಿದ್ದೀರಿ" ಅಂತಾರೆ, ಅಲ್ಲಿ ಸಾಲೂ ಇಲ್ಲ ಗೆರೆಯೂ ಇಲ್ಲ. ಇನ್ನೊಂದು ಕಡೆ ಆ ಹಡಗಿನ ಹುಡುಗ ಲೈನ್ ದಾಟಿದ ಅಂತ ಇದ್ದದ್ದನ್ನು "ಮಿತಿ ಮೀರಿದ" ಮಾಡಿದ್ದಿ, ಪಾಪ ಅವ ಎಂತ ತಪ್ಪೂ ಮಾಡ್ಲಿಲ್ಲ, ನಾವಿಕರ ಮಾತಲ್ಲಿ ಲೈನ್ ಅಂದ್ರೆ ಭೂಮಧ್ಯರೇಖೆ, ಮೊದಲ ಸಲ ದಾಟುವವರಿಗೆ ಹಡಗಲ್ಲಿ ನೀರಲ್ಲಿ ಮುಳುಗಿಸಿ ಗಮ್ಮತ್ತು ಮಾಡುವ ಹಳೇ ಪದ್ಧತಿ ಉಂಟು. ಮಂಗ್ಳೂರಲ್ಲಿ ಶಿಪ್ಪಿಗೆ ಹೋಗುವವರು ಎಷ್ಟು ಜನ ಬೇಕು ನಿಂಗೆ, ಒಬ್ಬರ ಹತ್ರ ಕೇಳಿದ್ರೆ ಮುಗೀತಿತ್ತು.

ಈ ಪದದ ಬುಡ ನೋಡಿದ್ರೆ ಇನ್ನೂ ಮಜಾ. ಲ್ಯಾಟಿನ್‌ನಲ್ಲಿ ಲಿನಮ್ ಅಂದ್ರೆ ಅಗಸೆ ಗಿಡ, ಅದರ ನಾರಿನಿಂದ ಲಿನನ್ ಬಟ್ಟೆ, ಆ ನಾರಿನ ದಾರಕ್ಕೆ ಲಿನಿಯ, ದಾರ ಎಳೆದು ಹಿಡಿದ್ರೆ ನೆಟ್ಟಗೆ ನಿಲ್ತದಲ್ಲ ಅಲ್ಲಿಂದ ಗೆರೆ, ಗೆರೆಯಿಂದ ಸಾಲು, ಸಾಲಿಂದ ವಂಶ, ದಂಧೆ, ಗಡಿ, ಪದ್ಯದ ಪಾದ, ನಾಟಕದವರ ಡೈಲಾಗು. ನಿನ್ನ ಬ್ಲೌಸಿಗೆ ಟೈಲರ್ ಲೈನಿಂಗ್ ಕೊಡ್ಲಾ ಕೇಳ್ತಾನಲ್ಲ, ಅದೂ ಇದೇ ಮನೆತನದ್ದು, ಹಿಂದೆ ಒಳಪದರಕ್ಕೆ ಲಿನನ್ನೇ ಹಾಕ್ತಿದ್ದದ್ದು.

ಮತ್ತೆ ಡೆಡ್‌ಲೈನ್. ಅಮೆರಿಕದ ಅಂತರ್ಯುದ್ಧದ ಕಾಲ, 1864, ಜಾರ್ಜಿಯಾದ ಆಂಡರ್ಸನ್‌ವಿಲ್ ಅನ್ನುವಲ್ಲಿ ಯುದ್ಧ ಕೈದಿಗಳ ಕ್ಯಾಂಪು, ಎತ್ತರದ ಮರದ ಗೋಡೆಯ ಒಳಗಡೆ ಇನ್ನೊಂದು ಸಣ್ಣ ಬೇಲಿ, ಅದನ್ನು ದಾಟಿದ್ರೆ ಕಾವಲಿನವ ಗುಂಡು ಹಾರಿಸ್ಬಹುದು. ಅದಕ್ಕೆ ಡೆಡ್‌ಲೈನ್ ಅಂತ ಹೆಸರು. ಪತ್ರಿಕೆಯವರು ಆಮೇಲೆ ಅದನ್ನು ಎತ್ಕೊಂಡು ಬಂದು ನಮ್ಮ ಮಂಡೆ ಮೇಲೆ ಇಟ್ಟದ್ದು. ನೀನು ಯುದ್ಧದ ಕತೆಯಲ್ಲಿ ಅದನ್ನು "ಕೊನೆಯ ದಿನಾಂಕ" ಮಾಡ್ಲಿಲ್ಲ ಪುಣ್ಯ.

ಇನ್ನು ನಿನ್ನ ಸ್ವಂತ ಕತೆ. ಇಲ್ಲಿ ಉಲ್ಟಾ ಆಗಿದೆ. ಲೈನ್ ಅನ್ನುವುದು ಇಂಗ್ಲಿಷ್ ಅಂತ ಹೆದರಿ ಲೈನ್‌ಮ್ಯಾನನ್ನು "ತಂತಿ ಕೆಲಸಗಾರ" ಮಾಡಿದ್ದಿ. ಇಲಾಖೆಯವರೇ ಈಗ ಹುದ್ದೆಗೆ ಪವರ್‌ಮ್ಯಾನ್ ಅಂತ ಹೆಸರು ಬದಲಿಸಿದ್ರೂ ಮಳೆಗಾಲದಲ್ಲಿ ತಂತಿ ಮೇಲೆ ಮರ ಬಿದ್ರೆ ನಮ್ಮೂರಲ್ಲಿ "ಲೈನ್‌ಮ್ಯಾನಿಗೆ ಫೋನ್ ಮಾಡಿ" ಅಂತಲೇ ಹೇಳುವುದು. ಅಂಗಡಿಗಂಗಡಿಗೆ ಬಿಸ್ಕೆಟ್, ಸೋಪು ಹಾಕ್ತಾ ಹೋಗುವ ಹುಡುಗ "ಲೈನ್ ಸೇಲಲ್ಲಿದ್ದೇನೆ" ಅಂತಾನೆ. ಒಂದೇ ಮಾಡಿನ ಕೆಳಗೆ ಸಾಲಾಗಿ ಇರುವ ಬಾಡಿಗೆ ಮನೆಗಳು ಲೈನ್ ಮನೆ. ಹುಡುಗಿ ಹಿಂದೆ ತಿರುಗುವವ ಲೈನ್ ಹೊಡೀತಾನೆ, ಕೃಷ್ಣ ಮಠದಲ್ಲಿ ಊಟಕ್ಕೆ ಲೈನ್, ಆದ್ರೆ ಒಳಗೆ ಹೋಗಿ ಕೂತ ಮೇಲೆ ಅದು ಲೈನಲ್ಲ, ಪಂಕ್ತಿ. ನೋಡು, ಒಂದೇ ಜನ, ಹತ್ತು ಹೆಜ್ಜೆ ಒಳಗೆ ಹೋದ್ರೆ ಬೇರೆ ಪದ. ಇದೆಲ್ಲ ಅವರವರ ಬಾಯಲ್ಲಿ ಹಾಗೇ ಬರ್ಲಿ, ಕತೆ ಹೇಳುವ ನೀನು ಸಾಲು ಅಂತ ಬರೆದ್ಕೋ, ನನ್ನದೇನೂ ತಕರಾರಿಲ್ಲ, ಪಾತ್ರದ ಬಾಯಿಗೆ ಮಾತ್ರ ಕೈ ಹಾಕ್ಬೇಡ.

ಡಿಕ್ಷನರಿ ಬೇಡ ಅಂತ ನಾನು ಹೇಳುವುದಲ್ಲ, ಕಿಟೆಲ್ ನಿಘಂಟು, 1894ರಲ್ಲಿ ನಮ್ಮ ಮಂಗ್ಳೂರಿನ ಬಾಸೆಲ್ ಮಿಷನ್‌ನಿಂದಲೇ ಬಂದದ್ದು, ಈಗಲೂ ತೆಗೆದು ನೋಡ್ತೇನೆ, ಕಾರಣ ಅದ್ರಲ್ಲಿ ಬರೀ ಅರ್ಥ ಕೊಟ್ಟು ಕೈ ತೊಳ್ಕೊಂಡದ್ದಲ್ಲ, ಪದ ಎಲ್ಲೆಲ್ಲಿ ಬಳಕೆ ಆಗಿದೆ, ಯಾವ ಗಾದೆಯಲ್ಲಿ ಬರ್ತದೆ ಎಲ್ಲ ಉಂಟು. ನೀನು ಮೊಬೈಲಲ್ಲಿ ನೋಡುವಾಗ ಮೊದಲ ಅರ್ಥ ಸಿಕ್ಕಿದ ಕೂಡ್ಲೇ ನಿಲ್ಲಿಸ್ತಿ. ಕೆಳಗೆ ಉದಾಹರಣೆ ವಾಕ್ಯ ಇರ್ತದಲ್ಲ, ಅದನ್ನು ಓದು, ಅರ್ಥ ಬಿಟ್ರೂ ಅಡ್ಡಿಯಿಲ್ಲ.

ಹಾಂ, ಇನ್ನೊಂದು, ನಿನ್ನ ಲೈನ್‌ಮ್ಯಾನ್ ಕಂಬ ಹತ್ತುವ ಮೊದ್ಲು "ವಿದ್ಯುತ್ ನಿಲ್ಲಿಸಿದ್ದೀರಾ" ಅಂತ ಕೇಳ್ತಾನಲ್ಲ, ಅಲ್ಲಿ ಕತೆ ಬಿದ್ದೇ ಹೋಯ್ತು. ಅವ ಕೇಳುವುದು "ಎಲ್‌ಸಿ ಸಿಕ್ತಾ" ಅಂತ, ಅಂದ್ರೆ ಲೈನ್ ಕ್ಲಿಯರ್, ಲೈನಲ್ಲಿ ಕರೆಂಟ್ ತೆಗ್ದಾಗಿದೆ, ಇನ್ನು ಕೆಲಸ ಮಾಡ್ಬಹುದು ಅನ್ನುವ ಒಪ್ಪಿಗೆ. ಗೇರುಬೀಜ ತರಿಸುವ ಸಾಹುಕಾರನಿಗೆ ಎಲ್‌ಸಿ ಅಂದ್ರೆ ಲೆಟರ್ ಆಫ್ ಕ್ರೆಡಿಟ್, ಹಣಕ್ಕೆ ಬ್ಯಾಂಕು ಕೊಡುವ ಖಾತ್ರಿ ಕಾಗದ, ಇವನಿಗೆ ಜೀವ. ಆ ಪುಟ ಇನ್ನೊಮ್ಮೆ ಬರಿ, ಬರೆಯುವ ಮೊದ್ಲು ನಿಮ್ಮ ಏರಿಯಾದ ಲೈನ್‌ಮ್ಯಾನ್ ಹತ್ರ ಒಂದು ಚಾ ಕುಡಿ, ಮಳೆ ಶುರುವಾದ್ರೆ ಅವ ನಿನ್ನ ಕೈಗೆ ಸಿಕ್ಕುವುದಿಲ್ಲ.